ಸೀಸೆ ಸಿಂಗ್ರಯ್ಯನ ಕೊನೆಯ ದೃಶ್ಯ

ಕಲ್ಲುಬಾವಿಪಾಳ್ಯ, ಕುದೂರು ಹೋಬಳಿ
೧೨ ಜೂನ್ ೨೦೨೪

ಮಗಳು ಸೌಮ್ಯಶ್ರೀಗೆ,

ಭಾನುವಾರ ಫೋನಿನಲ್ಲಿ ನೀನು ಮಾತು ಮುಗಿಸುವ ಮುಂಚೆಯೇ ಇಟ್ಟುಬಿಟ್ಟೆ. ಸಿಟ್ಟು ಬಂದಿತ್ತು, ಈಗಲೂ ಇದೆ. ನಿಮ್ಮಮ್ಮ ಅಡುಗೆಮನೆಯಿಂದ ಬಂದು, "ಅಪ್ಪ ಮಗ್ಳು ಇಬ್ರೂ ಒಟ್ಗೇ ಮಾತಾಡ್ತೀರ, ಒಬ್ರು ಮಾತು ಒಬ್ರಿಗೆ ಕೇಳ್ಸಾಕಿಲ್ಲ. ಇನ್ಮೇಲೆ ಫೋನ್ನಾಗೆ ಮಳೆ ಬೆಳೆ ಸಮಾಚಾರ ಅಷ್ಟೇಯ. ಜಗಳ ಇದ್ರೆ ಕಾಗ್ದ ಬರ್ಕೊಳಿ" ಎಂದು ತೀರ್ಪು ಕೊಟ್ಟಳು. ಪಂಚಾಯ್ತಿಗೆ ಅಧ್ಯಕ್ಷ ನಾನಾದರೂ ಈ ಮನೆಯಲ್ಲಿ ಆದೇಶ ಹೊರಡಿಸುವವರು ಯಾರೆಂದು ನಿನಗೆ ಗೊತ್ತಲ್ಲ. ಅದಕ್ಕೇ ನಮ್ಮ ಬೂಸದ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿಕೊಂಡು ಬರೆಯುತ್ತಿದ್ದೇನೆ.

ವಿಷಯಕ್ಕೆ ಬರುತ್ತೇನೆ. ಹುಡುಗರು ಕುಡಿತ, ಗುಟ್ಕಾ ಅಂತ ದಾರಿ ತಪ್ಪದ ಹಾಗೆ ಈ ವರ್ಷ ಏನಾದರೂ ಮಾಡಿ ಎಂದು ಮೇಲಿನಿಂದ ಸುತ್ತೋಲೆ ಬಂದಿದೆ. ಏನು ಮಾಡಬೇಕೆಂಬುದು ಪಂಚಾಯ್ತಿಗೆ ಬಿಟ್ಟದ್ದು. ನಾನು ಯೋಚನೆಯನ್ನೇ ಮಾಡಲಿಲ್ಲ. ನಮ್ಮ 'ಸೀಸೆಯೊಳಗಿನ ಸಂಸಾರ' ನಾಟಕವನ್ನು ಎಲ್ಲ ಹಳ್ಳಿಗಳಲ್ಲೂ ಆಡುವುದು ಎಂದುಬಿಟ್ಟೆ. ನಿನಗಿಂತ ಹಳೆಯ ನಾಟಕ ಅದು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟದ ನಾನು, ಕುಡುಕ ಸಿಂಗ್ರಯ್ಯನಾಗಿ ತೂರಾಡಿಕೊಂಡು ಬಂದರೆ ಮಾಗಡಿಯಿಂದ ಕನಕಪುರದವರೆಗೂ ಜನ ಬಿದ್ದು ಬಿದ್ದು ನಗುತ್ತಾರೆ. ಕೊನೆಯ ದೃಶ್ಯದಲ್ಲಿ ರಕ್ತ ಕಾರಿ ಸತ್ತರೆ ಅಳುತ್ತಾರೆ. ಹೆಣವಾಗಿ ಕಣ್ಣು ಮುಚ್ಚಿ ಮಲಗಿದ್ದರೂ ಆ ಅಳುವಿನ ಸದ್ದು ನನ್ನ ಕಿವಿಗೆ ಬೀಳುತ್ತದೆ. ನನ್ನನ್ನು ಗವಿಸಿದ್ದಯ್ಯ ಎನ್ನುವವರಿಗಿಂತ ಸೀಸೆ ಸಿಂಗ್ರಯ್ಯ ಎನ್ನುವವರೇ ಹೆಚ್ಚು. ಚುನಾವಣೆಯಲ್ಲಿ ಗೆದ್ದದ್ದೂ ಆ ಹೆಸರಿನಿಂದಲೇ.

ಇಂಥ ನಾಟಕಕ್ಕೆ ನನ್ನ ಸ್ವಂತ ಮಗಳು "ಅದರಿಂದ ಕುಡಿತ ಕಡಿಮೆಯಾಗಲ್ಲ ಅಪ್ಪಾಜಿ" ಎನ್ನುತ್ತಾಳೆ! ನಮ್ಮಂಥ ಅಧ್ಯಕ್ಷರಿಗೆ, ಆಫೀಸರುಗಳಿಗೆ ವಿಜ್ಞಾನದ ಸಂಶೋಧನೆ ತಿಳಿಸಿಕೊಡುವುದೇ ನಿನ್ನ ಸಂಸ್ಥೆಯ ಕೆಲಸ ಅನ್ನುತ್ತೀಯಲ್ಲ, ತಿಳಿಸಿಕೊಡು ನೋಡೋಣ. ಒಂದೇ ಹಾಳೆ. ನಮ್ಮ ತಂಡದ ಹಾರ್ಮೋನಿಯಂ ಅಂಕಯ್ಯನಿಗೂ ಅರ್ಥವಾಗುವ ಕನ್ನಡದಲ್ಲಿ.

ಸಿಟ್ಟಿನಲ್ಲೂ ಆಶೀರ್ವಾದ ಮಾಡುವ
ನಿಮ್ಮಪ್ಪ, ಗವಿಸಿದ್ದಯ್ಯ


ರಾಮನಗರ
೨೧ ಜೂನ್ ೨೦೨೪

ಅಪ್ಪಾಜಿಗೆ ನಮಸ್ಕಾರ.

ನಿಮ್ಮ ಸಿಟ್ಟು ಕವರಿನೊಳಗೆ ಬಿಸಿ ಆರದೆ ಬಂದು ತಲುಪಿತು. ಕೇಳಿದ ಹಾಳೆ ಇದರ ಜೊತೆಗಿದೆ. ಚನ್ನಪಟ್ಟಣ, ಕನಕಪುರದ ಪಂಚಾಯ್ತಿಗಳಿಗೂ ಇದನ್ನೇ ಕೊಡುತ್ತಿದ್ದೇವೆ. ಆದರೂ ಮನೆಯವರಿಗೆ ಹೇಳುವ ಹಾಗೆ ಇಲ್ಲಿ ಒಂದಿಷ್ಟು ಬರೆಯುತ್ತೇನೆ.

ಕುಡಿತದ ಕೆಟ್ಟ ಪರಿಣಾಮ ತೋರಿಸಿ ಹೆದರಿಸಿದರೆ ಮಕ್ಕಳು ದೂರ ಇರುತ್ತಾರೆ ಎಂದು ಎಲ್ಲರಿಗೂ ಅನಿಸುತ್ತದೆ. ನಿಜವಾಗಿ ಹಾಗಾಗುತ್ತದೆಯೇ ಎಂದು ಬೇರೆ ಬೇರೆ ದೇಶಗಳಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ. ಒಂದು ದಿನದ ಭಾಷಣ, ಜಾಥಾ, ಹೆದರಿಸುವ ಚಿತ್ರ, ಇವುಗಳಿಂದ ಮಕ್ಕಳಿಗೆ ವಿಷಯವೇನೋ ಗೊತ್ತಾಗುತ್ತದೆ, ನಡತೆ ಬದಲಾಗುವುದಿಲ್ಲ. ಕೆಲವು ಕಡೆ ಕುತೂಹಲವೇ ಜಾಸ್ತಿಯಾಯಿತು. ಕೆಲಸ ಮಾಡಿದ್ದು ಯಾವುದೆಂದರೆ ನಿಮಗೆ ನಗು ಬರುತ್ತದೆ, ಅಷ್ಟು ಸಪ್ಪೆ. ಒಂದನೇ ಕ್ಲಾಸಿನಲ್ಲಿ ಮಕ್ಕಳನ್ನು ಗುಂಪು ಮಾಡಿ, ಗಲಾಟೆಯಿಲ್ಲದೆ ಪಾಠ ಕೇಳಿದ ಗುಂಪಿಗೆ ಏನಾದರೂ ಚಿಕ್ಕ ಮೆಚ್ಚುಗೆ ಕೊಡುವ ಒಂದು ಆಟ. ಅದನ್ನು ಆಡಿದ ಮಕ್ಕಳನ್ನು ದೊಡ್ಡವರಾಗುವ ತನಕ ಗಮನಿಸಿದ್ದಾರೆ. ಅವರಲ್ಲಿ ಚಟಕ್ಕೆ ಬಿದ್ದವರು ಕಡಿಮೆ. ಇನ್ನೊಂದು, ಹುಡುಗರ ಕೈಗೆ ಅಂಗಡಿಯಲ್ಲಿ ಮದ್ಯ, ಗುಟ್ಕಾ ಸುಲಭವಾಗಿ ಸಿಗದ ಹಾಗೆ ಮಾಡುವುದು. ಆ ಆಟವನ್ನು ನಮ್ಮ ಹೋಬಳಿಯಲ್ಲಿ ಯಾರೂ ಆಡಿಸಿ ನೋಡಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ. ನೋಡಬೇಕು.

ಒಂದು ಕೇಳಲಾ? ಇಷ್ಟು ವರ್ಷದಲ್ಲಿ ನೀವು ಯಾವಾಗಲೂ ಸ್ಟೇಜಿನ ಮೇಲೇ ಇದ್ದಿರಿ. ಒಂದು ಸಲ ನಿಮ್ಮ ತಂಡದ ಅನಂತರಾಜುಗೆ ಪಾರ್ಟು ಬಿಟ್ಟುಕೊಟ್ಟು ಕೆಳಗೆ ಮಕ್ಕಳ ಜೊತೆ ಕೂತುಕೊಳ್ಳಿ. ನಾಟಕ ನೋಡಬೇಡಿ, ಮಕ್ಕಳನ್ನು ನೋಡಿ.

ನಿಮ್ಮ
ಸೌಮ್ಯ


ಕಲ್ಲುಬಾವಿಪಾಳ್ಯ
೫ ಜುಲೈ ೨೦೨೪

ಸೌಮ್ಯಶ್ರೀ,

ನಿನ್ನ ಹಾಳೆಯನ್ನು ಅಂಕಯ್ಯನ ಕೈಗೆ ಕೊಟ್ಟೆ. "ಪರಿಣಾಮಕಾರಿತ್ವಕ್ಕೆ ಸಂಬಂಧಿಸಿದಂತೆ ಸೀಮಿತ ಪುರಾವೆಗಳು ಕಂಡುಬಂದಿರುತ್ತವೆ" ಎಂಬಲ್ಲಿಗೆ ಬಂದು ನಿಂತ. "ಏನ್ಲಾ ಗವಿಸಿದ್ದ, ಜಮೀನು ಕೇಸಿಂದಾ ಇದು? ನಾವು ಗೆದ್ವಾ, ಸೋತ್ವಾ?" ಎಂದ. ನಮ್ಮ ಬೂಸದ ಚೀಲದ ಮೇಲಿನ ಬರಹವೂ ಇದಕ್ಕಿಂತ ಸಲೀಸಾಗಿದೆ. ಯಾರು ಬರೆದರಮ್ಮ ಇದನ್ನು?

ನಿನ್ನ ಕಾಗದ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಇನ್ನೂ ಜಾಸ್ತಿಯಾಗಿದೆ. ಕಾಗದದಲ್ಲಿ ಬರೆದದ್ದನ್ನು ಹಾಳೆಯಲ್ಲಿ ಹಾಕು, ಹಾಳೆಯನ್ನು ಒಲೆಗೆ ಹಾಕು. ಇನ್ನೊಂದು ಮಾತು. ಅಧ್ಯಕ್ಷನಾದವನಿಗೆ "ಪುರಾವೆ ಇದೆ" ಅಂತ ಹೇಳಿದರೆ ಸಾಲದು. ಸೋಮವಾರ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಬೇಕು, ಯಾರ ಹತ್ತಿರ ಮಾತಾಡಬೇಕು, ಯಾರು ನನ್ನನ್ನು ಬಯ್ಯುತ್ತಾರೆ, ಅದನ್ನು ಹೇಳು. ಬಯ್ಯುವವರ ಹೆಸರು ಗೊತ್ತಾದರೆ ನಮಗೆ ಅರ್ಧ ಧೈರ್ಯ ಬರುತ್ತದೆ.

ಅನಂತರಾಜು ಬಿಡದಿ ಫ್ಯಾಕ್ಟರಿಯಲ್ಲಿ ಶಿಫ್ಟು ಮುಗಿಸಿ ಬರುವವನು, ನಿದ್ದೆಗಣ್ಣಿನ ತೂರಾಟ ಅವನದು. ನನ್ನ ಸಿಂಗ್ರಯ್ಯನನ್ನು ಕೊಂದೇಬಿಡುತ್ತಾನೆ. ಆದರೂ ನೀನು ಸವಾಲು ಹಾಕಿದ್ದೀಯ. ಕೂರುತ್ತೇನೆ. ಮಕ್ಕಳು ಅಳುವುದನ್ನು ಕಣ್ಣಾರೆ ಕಂಡು ನಿನಗೆ ಬರೆಯುತ್ತೇನೆ, ಆಗ ನೀನು ನಿನ್ನ ಸಂಸ್ಥೆಯವರಿಗೆಲ್ಲ ಸಿಹಿ ಹಂಚಬೇಕು.

ನಿಮ್ಮಪ್ಪ


ಕಲ್ಲುಬಾವಿಪಾಳ್ಯ
೨ ಆಗಸ್ಟ್ ೨೦೨೪

ಸೌಮ್ಯ,

ಕೂತೆ.

ಶಾಲೆಯ ಮೈದಾನದಲ್ಲಿ ಸಂಜೆ ಆಟ. ಟವೆಲ್ ತಲೆಗೆ ಸುತ್ತಿಕೊಂಡು ಮಕ್ಕಳ ಮಧ್ಯೆ ಕೂತೆ, ಗುರುತು ಸಿಗಬಾರದೆಂದು. ಸಿಂಗ್ರಯ್ಯ ಬರುವ ತನಕ ಅವು ಆಕಳಿಸುತ್ತಿದ್ದವು. ಅವನು ಬಂದನೋ ಇಲ್ಲವೋ, ಎಲ್ಲವೂ ನೆಟ್ಟಗಾದವು. ಅನಂತರಾಜು ಡೈಲಾಗು ಮರೆತ ಕಡೆಯೆಲ್ಲ ಮಕ್ಕಳೇ ಹೇಳಿಕೊಟ್ಟವು! ಹೆಂಡತಿ ಅಳುತ್ತಾ ಬುದ್ಧಿ ಹೇಳುವ ಮಾತು ಒಂದು ಮಗುವಿಗೂ ಬಾಯಿಪಾಠ ಇಲ್ಲ, ಸಿಂಗ್ರಯ್ಯನ ಮಾತು ಒಂದೂ ಬಿಟ್ಟಿಲ್ಲ. ನನಗೆ ಮೊದಲು ಹೆಮ್ಮೆಯೇ ಆಯಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಕೊನೆಯ ದೃಶ್ಯ. ನಾಟಕ ಮುಗಿದ ಮೇಲೆ ಬಡಿಸಲು ನಿಂತರೆ ಕುದೂರಿನ ಕೊನೆಯ ಬಸ್ಸು ತಪ್ಪುತ್ತದೆಂದು, ಸಿಂಗ್ರಯ್ಯ ಎದೆ ಹಿಡಿದುಕೊಂಡ ತಕ್ಷಣ ಹಿಂದುಗಡೆ ಚಿತ್ರಾನ್ನ ಕೊಡಲು ಶುರು ಮಾಡುವುದು ನಮ್ಮ ತಂಡದ ಪದ್ಧತಿ. ಆ ಪದ್ಧತಿ ಮಾಡಿದವನೂ ನಾನೇ. ಅನಂತರಾಜು ಎದೆ ಹಿಡಿದುಕೊಂಡ. ನನ್ನ ಸುತ್ತ ಇದ್ದವರೆಲ್ಲ ದಡಬಡ ಎದ್ದು ಓಡಿದರು. ಮಕ್ಕಳು, ದೊಡ್ಡವರು, ಮೇಷ್ಟ್ರು ಕೂಡ. ಅವನು ರಕ್ತ ಕಾರಿದಾಗ ಇಡೀ ಮೈದಾನದಲ್ಲಿ ನೋಡುತ್ತಿದ್ದವನು ನಾನೊಬ್ಬನೇ. ಹಿಂದುಗಡೆ ಎಲೆಗೆ ಕಿತ್ತಾಟ, ಕೂಗಾಟ.

ನಾನು ಸತ್ತು ಮಲಗಿದ್ದಾಗ ಕಿವಿಗೆ ಬೀಳುತ್ತಿದ್ದದ್ದು ಈ ಸದ್ದೇ ಕಣಮ್ಮ. ಅಳು ಅಂದುಕೊಂಡಿದ್ದೆ.

ಮಾರನೆಯ ದಿನ ಶಾಲೆಯ ಹತ್ತಿರ ಹೋದರೆ ಮಕ್ಕಳು ಸಿಂಗ್ರಯ್ಯನ ಆಟ ಆಡುತ್ತಿದ್ದಾರೆ. ನೀರಿನ ಬಾಟಲಿ ಹಿಡಿದು ತೂರಾಡುವುದು, ಯಾರು ಚೆನ್ನಾಗಿ ತೂರಾಡಿದರೆ ಅವರೇ ಲೀಡರು. ಒಂದು ಹುಡುಗಿ ಅನಂತರಾಜುಗಿಂತ ಎಷ್ಟೋ ಚೆನ್ನಾಗಿ ಮಾಡಿದಳು. ಆದರೆ ನಾನು ಸೋತೆ ಎಂದುಕೊಳ್ಳಬೇಡ. ಪರಿಹಾರ ಹುಡುಕಿದ್ದೇನೆ. ಇನ್ನು ಮೇಲೆ ಚಿತ್ರಾನ್ನ ಹೆಣ ಎದ್ದ ಮೇಲೆಯೇ. ನಿನ್ನ ವಿಜ್ಞಾನಿಗಳಿಗೆ ಹೇಳಿಬಿಡು.

ನಿಮ್ಮಪ್ಪ


ರಾಮನಗರ
೧೪ ಆಗಸ್ಟ್ ೨೦೨೪

ಅಪ್ಪಾಜಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ನಮ್ಮ ಮುಖ್ಯಸ್ಥರು, "ನಿಮ್ಮ ತಂದೆ ಮಾಡಿದ್ದೇ ಸಂಶೋಧನೆ. ಅವರು ಅಂದುಕೊಂಡದ್ದು ನಿಜವಾ ಅಂತ ಹೋಗಿ ನೋಡಿದರು. ಎಷ್ಟು ಜನ ನೋಡ್ತಾರೆ?" ಎಂದರು. ಸಿಹಿ ನಾನು ಹಂಚಿದೆ, ಅದು ಬೇರೆ ಮಾತು.

ಆದರೆ ಚಿತ್ರಾನ್ನ ತಡವಾಗಿ ಕೊಟ್ಟರೆ ಸಾಲದು ಅಪ್ಪಾಜಿ. ಸಾವನ್ನು ನೋಡಿದರೂ ಮಕ್ಕಳಿಗೆ ಅದು ಎಂದೋ ಮುದುಕರಾದ ಮೇಲೆ ಆಗುವ ಸಂಗತಿ. ಸಿಂಗ್ರಯ್ಯನ ತಮಾಷೆ ಮಾತ್ರ ಇವತ್ತಿನದು.

ನೀವು ಹೇಳಿದ ಹಾಗೆ ಹಾಳೆಯನ್ನು ಹೊಸದಾಗಿ ಬರೆದಿದ್ದೇನೆ, ಬಯ್ಯುವವರ ಹೆಸರಿಗೂ ಒಂದು ಜಾಗ ಬಿಟ್ಟಿದ್ದೇನೆ. ಸೋಮವಾರ ಮೆಹ್ರೀನ್ ಟೀಚರನ್ನು ಕಾಣಿ, ಒಂದನೇ ಕ್ಲಾಸಿಗೆ ಆ ಆಟ ಕಲಿಸಲು ನಾನೇ ಬರುತ್ತೇನೆ. ಅದಕ್ಕೆ ಯಾರೂ ಬಯ್ಯುವುದಿಲ್ಲ, ಯಾರೂ ಗಮನಿಸುವುದೂ ಇಲ್ಲ. ಆಮೇಲೆ ಹೈಸ್ಕೂಲಿನ ಎದುರಿಗಿನ ಪೆಟ್ಟಿಗೆ ಅಂಗಡಿ. ಅಲ್ಲಿ ಬಿಸ್ಕತ್ತಿನ ಡಬ್ಬದ ಹಿಂದೆ ವಿಸ್ಕಿ ಪ್ಯಾಕೆಟ್ ಇರುವುದು ಊರಿಗೆಲ್ಲ ಗೊತ್ತು. ಅಂಗಡಿಗೆ ಪಂಚಾಯ್ತಿ ಲೈಸೆನ್ಸು ಕೊಡುವುದು ಬಿಡುವುದು ನಿಮ್ಮ ಕೈಯಲ್ಲಿದೆ. ಬಯ್ಯುವವರ ಹೆಸರು ಕೇಳಿದ್ದಿರಿ. ಅಂಕಯ್ಯ ಮಾವ. ಅಂಗಡಿ ಅವರದು ಎಂದು ನಾನು ಬರೆಯಬೇಕಾಗಿಲ್ಲ.

ಬರುವ ವರ್ಷ ಚುನಾವಣೆ ಇರುವುದು ಗೊತ್ತಿದೆ. ನಾಟಕಕ್ಕೆ ಓಟು ಬೀಳುತ್ತದೆ, ಇದಕ್ಕೆ ಬೀಳುವುದಿಲ್ಲ. ಅದನ್ನು ಹಾಳೆಯಲ್ಲಿ ಹಾಕಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ನಿಮ್ಮ
ಸೌಮ್ಯ


ಕಲ್ಲುಬಾವಿಪಾಳ್ಯ
೨೦ ಅಕ್ಟೋಬರ್ ೨೦೨೪

ಸೌಮ್ಯಮ್ಮ,

ನಿಮ್ಮಮ್ಮ ಗಿರಿಜಾಂಬ ಬರೆಯುತ್ತಿದ್ದೇನೆ. ಎರಡು ತಿಂಗಳಿಂದ ನಿಮ್ಮಪ್ಪ ಪೆನ್ನು ಮುಟ್ಟಿಲ್ಲ. ಜಗಳವಾಡಲು ಊರಲ್ಲೇ ಬೇಕಾದಷ್ಟು ಜನ ಸಿಕ್ಕಿದ್ದಾರೆ, ನಿನ್ನವರೆಗೆ ಬರುವುದಕ್ಕೆ ಪುರಸೊತ್ತಿಲ್ಲ.

ಗ್ರಾಮಸಭೆಯಲ್ಲಿ ಎದ್ದು ನಿಂತು "ಈ ವರ್ಷ ನಾಟ್ಕ ಇಲ್ಲ" ಅಂದರು. ಜನ ಬಿಡುತ್ತಾರೆಯೇ? "ಚಿತ್ರಾನ್ನನಾದ್ರೂ ಐತಾ?" ಎಂದು ಒಬ್ಬ. "ಸಿಂಗ್ರಯ್ಯ ಇಲ್ದಿದ್ರೆ ಓಟೂ ಇಲ್ಲ, ಬರ್ಕೊಳಿ" ಎಂದು ಇನ್ನೊಬ್ಬ. ಇವರು ಅದಕ್ಕೂ ಜಗ್ಗದೆ, ಪ್ಯಾಕೆಟ್ ಮಾರುವ ಅಂಗಡಿಗೆ ಇನ್ನು ಲೈಸೆನ್ಸು ಕೊಡುವುದಿಲ್ಲ ಅಂದರು. ಅಂಕಯ್ಯ ಎದ್ದು, "ಲೇ, ನಿನ್ನ ಸಿಂಗ್ರಯ್ಯಂಗೆ ಇಷ್ಟ್ ವರ್ಷ ಪೆಟ್ಟಿಗೆ ನುಡ್ಸಿದ್ದು ನಾನು ಕಣ್ಲಾ. ನನ್ ಹೊಟ್ಟೆ ಮ್ಯಾಲೇ ಹೊಡೀತೀಯಾ?" ಎಂದು ಕೇಳಿ ಹೊರಗೆ ಹೋದ. ಆವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕರೆ ಇಬ್ಬರೂ ಬೋರ್ಡು ಓದುತ್ತಾ ನಿಲ್ಲುತ್ತಾರೆ.

ಗಂಡಸರು ಬೋರ್ಡು ಓದುತ್ತಾ ಕೂತರೆ ಕೆಲಸ ಆಗುವುದಿಲ್ಲ. ನಾನು ಅಂಕಯ್ಯನ ಹೆಂಡತಿ ಸರಸಮ್ಮನ ಮನೆಗೆ ಹೋದೆ. ಅವಳು ನನ್ನನ್ನೇ ಕಾಯುತ್ತಿದ್ದ ಹಾಗಿತ್ತು. "ಅಕ್ಕಾ, ಆ ಪ್ಯಾಕೆಟ್ ದೆಸೆಯಿಂದ ಸಂಜೆ ಆದ್ರೆ ಒಂದ್ ಹೆಂಗ್ಸೂ ನಮ್ ಅಂಗ್ಡಿ ತಾವ ಬರಾಕಿಲ್ಲ. ನಾನೇ ಹೋಗಾಕೆ ನಾಚ್ಕತೀನಿ" ಎಂದಳು. ಈಗ ಸಂಜೆ ಅಂಗಡಿಯಲ್ಲಿ ಅವಳು ಬೋಂಡ ಕರಿಯುತ್ತಾಳೆ, ಅಂಕಯ್ಯ ಈರುಳ್ಳಿ ಹೆಚ್ಚುತ್ತಾನೆ. ಪ್ಯಾಕೆಟ್ ಇಲ್ಲ. ಅವನ ಕಣ್ಣಲ್ಲಿ ನೀರು ಬರುವುದು ಈರುಳ್ಳಿಗೋ ನಿಮ್ಮಪ್ಪನ ಮೇಲಿನ ಕೋಪಕ್ಕೋ, ಯಾರಿಗೂ ತಿಳಿಯದು.

ನೀನು ಬಂದು ಕಲಿಸಿಕೊಟ್ಟ ಆಟವನ್ನು ಮೆಹ್ರೀನ್ ಟೀಚರು ದಿನಾ ಆಡಿಸುತ್ತಿದ್ದಾರೆ. ಗೆದ್ದ ಗುಂಪಿಗೆ ಶಾಲೆಯ ಗಂಟೆ ಹೊಡೆಯಲು ಬಿಡುತ್ತಾರೆ. ಮೊದಲ ವಾರ ಎಲ್ಲ ಗುಂಪೂ ಗೆದ್ದು, ಹೊತ್ತು ಗೊತ್ತಿಲ್ಲದೆ ಗಂಟೆ ಬಾರಿಸಿ, ಹೊಲದಲ್ಲಿದ್ದವರೆಲ್ಲ ಊಟದ ಹೊತ್ತಾಯಿತೆಂದು ಮನೆಗೆ ಬಂದುಬಿಟ್ಟರು. ಸೊಸೆಯರಿಗೆಲ್ಲ ಬೈಗುಳ. ಈಗ ಶಾಲೆ ಬಿಡುವ ಗಂಟೆ ಮಾತ್ರ ಹೊಡೆಯುತ್ತಾರೆ.

ಚಿತ್ರಾನ್ನದ ವಿಷಯ ನನಗೆ ಮೊದಲೇ ಗೊತ್ತಿತ್ತು. ಬಡಿಸುತ್ತಿದ್ದವಳು ನಾನೇ ತಾನೆ? ಸತ್ತವರಿಗೆ ಹೋಗಿ ಯಾರು ಹೇಳುತ್ತಾರೆ ಎಂದು ಸುಮ್ಮನಿದ್ದೆ.

ಇಂತು,
ನಿಮ್ಮಮ್ಮ


ರಾಮನಗರ
೬ ಡಿಸೆಂಬರ್ ೨೦೨೪

ಅಪ್ಪಾಜಿಗೆ ನಮಸ್ಕಾರ.

ಅಮ್ಮನ ಕಾಗದದಿಂದ ಎಲ್ಲ ತಿಳಿಯಿತು. ನಿಮ್ಮ ಹತ್ತಿರ ಒಂದು ಸಹಾಯ ಕೇಳಬೇಕು, ಕೇಳಲು ಹೆದರಿಕೆಯಾಗುತ್ತಿದೆ.

ಜನವರಿಯಲ್ಲಿ ರಾಮನಗರದಲ್ಲಿ ಎಲ್ಲ ತಾಲ್ಲೂಕಿನ ಪಂಚಾಯ್ತಿ ಅಧ್ಯಕ್ಷರ ಸಭೆ ಇದೆ. ಮಕ್ಕಳನ್ನು ಚಟದಿಂದ ತಪ್ಪಿಸಲು ಯಾವ ಪಂಚಾಯ್ತಿ ಏನು ಮಾಡಬೇಕೆಂದು ಆವತ್ತು ತೀರ್ಮಾನ. ಚನ್ನಪಟ್ಟಣದಲ್ಲಿ ನಾನು ಮಾತಾಡಿದಾಗ ಮುಂದಿನ ಸಾಲಿನವರು ಫೋನ್ ನೋಡುತ್ತಿದ್ದರು. ಕನಕಪುರದಲ್ಲಿ ಒಬ್ಬರು ಎದ್ದು, "ಮೇಡಂ, ಇದೆಲ್ಲ ಫಾರಿನ್ ಲೆಕ್ಕ. ನಮ್ ಕಡೆಗೆ ಸೀಸೆ ಸಿಂಗ್ರಯ್ಯನ್ನ ಕರ್ಸಿ ಸಾಕು" ಎಂದರು. ಚಪ್ಪಾಳೆ ಬಿತ್ತು. ನಾನು ಯಾರ ಮಗಳೆಂದು ಅವರಿಗೆ ಗೊತ್ತಿರಲಿಲ್ಲ.

ಸಿಂಗ್ರಯ್ಯನೇ ಬಂದು ಹೇಳಿದರೆ ಕೇಳುತ್ತಾರೆ. ಬರುತ್ತೀರಾ?

ನಿಮ್ಮ
ಸೌಮ್ಯ


ಕಲ್ಲುಬಾವಿಪಾಳ್ಯ
೧೮ ಡಿಸೆಂಬರ್ ೨೦೨೪

ಸೌಮ್ಯ,

ಬರುವುದಿಲ್ಲ.

ನಾಟಕ ನಿಲ್ಲಿಸಿದೆ. ಅಂಕಯ್ಯನನ್ನು ಕಳೆದುಕೊಂಡೆ. ಓಟು ಹೋದರೆ ಹೋಗಲಿ ಎಂದೆ. ಅಷ್ಟನ್ನು ನನ್ನ ಊರಿನಲ್ಲಿ, ನನ್ನ ಜನದ ಮುಂದೆ ಮಾಡಿದೆ. ಆ ಸಭೆಯ ಅಧ್ಯಕ್ಷರಲ್ಲಿ ಅರ್ಧ ಜನ ಚಡ್ಡಿ ಹಾಕುವ ವಯಸ್ಸಿನಲ್ಲಿ ನನ್ನ ನಾಟಕ ನೋಡಿದವರು. ಕನಕಪುರಕ್ಕೆ ಮದುವೆಗೆ ಹೋದರೆ ಇವತ್ತಿಗೂ "ಒಂದ್ಸಲ ತೂರಾಡ್ಬುಡಿ ಯಜಮಾನ್ರೇ" ಎಂದು ಊಟದ ಮನೆಯಲ್ಲಿ ಅಡ್ಡ ಹಾಕುತ್ತಾರೆ. ಅವರ ಮುಂದೆ ಹೋಗಿ, ನಿಮ್ಮನ್ನು ನಗಿಸಿದ್ದೊಂದೇ ಬಂತು, ಮಿಕ್ಕಿದ್ದೆಲ್ಲ ದಂಡ ಎಂದು ಹೇಳಬೇಕೇ? ನನ್ನ ಕೈಲಾಗುವುದಿಲ್ಲ. ಬೇರೆ ಯಾರಾದರೂ ಅಧ್ಯಕ್ಷರನ್ನು ನೋಡಿಕೋ.

ಹಾಳೆ ಮಾತ್ರ ಈ ಸಲ ಚೆನ್ನಾಗಿದೆ.

ನಿಮ್ಮಪ್ಪ


ರಾಮನಗರ
೧೯ ಜನವರಿ ೨೦೨೫

ಅಪ್ಪಾಜಿಗೆ ನಮಸ್ಕಾರ.

ಬರುವುದಿಲ್ಲ ಎಂದು ಬರೆದವರು ಇಸ್ತ್ರಿ ಮಾಡಿದ ಬಿಳಿ ಜುಬ್ಬ ಹಾಕಿಕೊಂಡು ಸಭೆಯ ಬಾಗಿಲಲ್ಲಿ ನಿಂತಿದ್ದಿರಿ. ಬರುತ್ತೇನೆಂದೂ ಹೇಳಲಿಲ್ಲ, ಊಟಕ್ಕೂ ನಿಲ್ಲದೆ ಮಾಗಡಿ ಬಸ್ಸು ಹತ್ತಿ ಹೊರಟುಬಿಟ್ಟಿರಿ. ಹಾಗಾಗಿ ನೀವು ಹೋದ ಮೇಲೆ ಏನಾಯಿತೆಂದು ನಾನೇ ಬರೆಯಬೇಕಾಗಿದೆ.

ನೀವು ಮೈಕಿನ ಹತ್ತಿರ ಹೋದಾಗ ಎಲ್ಲರೂ "ತೂರಾಡಿ, ತೂರಾಡಿ" ಎಂದು ಮೇಜು ಬಡಿದರು. ನೀವು ನೆಟ್ಟಗೆ ನಿಂತಿದ್ದಿರಿ. ಚಿತ್ರಾನ್ನದ ಕಥೆ ಹೇಳಿದಾಗ ಸಭೆ ನಕ್ಕು ನಕ್ಕು ಸುಸ್ತಾಯಿತು. ಆಮೇಲೆ, "ನಾನು ಚೆಂದಾಗ್ ಮಾಡ್ತೀನಾ ಅಂತ ಊರೂರ್‌ನಾಗೂ ಕೇಳ್ದೆ ಕಣ್ರಪ್ಪ. ಉಪ್ಯೋಗ ಆಯ್ತಾ ಅಂತ ಒಂದ್ಸಲಾನೂ ಕೇಳ್ನಿಲ್ಲ. ನೀವಾದ್ರೂ ಕೇಳ್ಕಳಿ" ಎಂದಿರಿ. ನನಗೆ ಎದ್ದು ಬಂದು ನಿಮ್ಮ ಕೈ ಹಿಡಿದುಕೊಳ್ಳಬೇಕು ಅನಿಸಿತು, ಆಫೀಸಿನವರೆಲ್ಲ ಇದ್ದರೆಂದು ಕೂತೇ ಇದ್ದೆ. ಕೂರಬಾರದಿತ್ತು.

ನೀವು ಹೋದ ಮೇಲೆ ಹಾಳೆ ಹಾಳೆ ಎಂದು ಮುತ್ತಿಕೊಂಡರು. ಜೆರಾಕ್ಸ್ ಮಾಡಿಸಲು ಎರಡು ಸಲ ಓಡಬೇಕಾಯಿತು. ಕನಕಪುರದ ಆ ಅಧ್ಯಕ್ಷರು ಬಂದು, "ನಮ್ಮೂರ್ನಾಗೂ ಒಂದ್ ಅಂಗ್ಡಿ ಐತೆ ಮೇಡಂ, ಅದು ನಮ್ ಭಾವಮೈದಂದೇಯ. ಬಯ್ಯೋರ ಹೆಸ್ರು ಬರೆಯೋ ಜಾಗ್ದಾಗೆ ನಮ್ ಮನೆಯೋಳ ಹೆಸ್ರು ಹಾಕಿ" ಎಂದರು.

ನಿಮ್ಮ
ಸೌಮ್ಯ


ಕಲ್ಲುಬಾವಿಪಾಳ್ಯ
೨ ಫೆಬ್ರವರಿ ೨೦೨೫

ಸೌಮ್ಯಮ್ಮ,

ನಿನ್ನ ಕಾಗದ ಓದಿ ನಿಮ್ಮಪ್ಪ ಖುಷಿಪಟ್ಟರು. ಊರಿಗೆಲ್ಲ ಓದಿ ಹೇಳಿದರು. ಅಂಕಯ್ಯನ ಅಂಗಡಿಯ ಮುಂದೆ ನಿಂತು, ಅವನಿಗೆ ಕೇಳಿಸುವ ಹಾಗೆ ಬೇರೆ ಯಾರಿಗೋ ಹೇಳಿದರು. ಅಂಕಯ್ಯನೂ ಬೇರೆ ಯಾರಿಗೋ ಕೊಡುವ ಹಾಗೆ ಎರಡು ಬೋಂಡ ಇವರ ಕಡೆ ತಳ್ಳಿದನಂತೆ. ಅಲ್ಲಿಗೆ ಅದು ಸರಿಹೋಯಿತು.

ಇದು ಬೇರೆ ವಿಷಯ. ದಿನಾ ಊಟಕ್ಕೆ ಕೂತಾಗ ನನ್ನನ್ನು ಒಂದೇ ಮಾತು ಕೇಳುತ್ತಾರೆ. "ನನ್ ನಾಟ್ಕ ನೋಡಿ ಯಾವ್ದಾದ್ರೂ ಮಗು ಕುಡಿಯೋದ್ ಕಲ್ತಿರ್ತೈತಾ? ನಾನು ಕೆಡುಕು ಮಾಡ್ಬುಟ್ನಾ ಗಿರಿಜಾ?" ನಾನು ಇಲ್ಲ ಎನ್ನುತ್ತೇನೆ. ನಂಬುವುದಿಲ್ಲ. ನೀನು ಅಡುಗೆ ಮಾಡುವವಳು, ನಿನಗೇನು ಗೊತ್ತು ಎನ್ನುತ್ತಾರೆ. ಸಭೆಗೆ ಬರಲು ಅವರಿಗೆ ಹೆದರಿಕೆಯಾದದ್ದು ಜನ ನಗುತ್ತಾರೆಂದಲ್ಲ ಕಣೇ. ಈ ಪ್ರಶ್ನೆ ಎದುರಾಗುತ್ತದೆ ಎಂದು. ನಿನ್ನನ್ನು ಕೇಳುವ ಧೈರ್ಯ ಅವರಿಗಿಲ್ಲ. ನೀನೇ ಬರೆ. ಫೋನ್ ಮಾಡಬೇಡ, ಇಟ್ಟುಬಿಡುತ್ತಾರೆ.

ನಿಮ್ಮಮ್ಮ


ರಾಮನಗರ
೧೦ ಫೆಬ್ರವರಿ ೨೦೨೫

ಅಪ್ಪಾಜಿಗೆ,

ಅಮ್ಮ ಬರೆದಿದ್ದಾಳೆ. ನೀವು ಕೇಳದ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದೇನೆ.

ಗೊತ್ತಿಲ್ಲ ಅಪ್ಪಾಜಿ. ನಿಮ್ಮ ನಾಟಕ ನೋಡಿ ಯಾರಾದರೂ ಕುಡಿಯಲು ಕಲಿತರೋ, ಯಾರಾದರೂ ಬಿಟ್ಟರೋ, ಆಗ ಯಾರೂ ಗಮನಿಸಿಲ್ಲ. ಗಮನಿಸದ ಮೇಲೆ ಈಗ ಯಾರೂ ಹೇಳಲು ಸಾಧ್ಯವಿಲ್ಲ. "ಖಂಡಿತ ಇಲ್ಲ" ಎಂದು ಬರೆಯಬಹುದಿತ್ತು. ಹಾಗೆ ಎರಡು ಸಲ ಬರೆದು ಹರಿದು ಹಾಕಿದೆ. ನಿಮಗೆ ಸುಳ್ಳು ಬರೆಯಲು ಆಗಲಿಲ್ಲ.

ಒಂದು ಮಗುವಿನ ವಿಷಯ ಮಾತ್ರ ನನಗೆ ಗೊತ್ತಿದೆ. ಅವಳು ಸಿಂಗ್ರಯ್ಯನನ್ನು ಎಲ್ಲರಿಗಿಂತ ಹೆಚ್ಚು ಸಲ ನೋಡಿದವಳು. ನಾಟಕ ಮುಗಿದ ಮೇಲೆ ಅವಳನ್ನು ಹಿಂದುಗಡೆ ಕರೆದುಕೊಂಡು ಹೋಗಿ, ನೀವು ಕೊಬ್ಬರಿ ಎಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾ, ಇವತ್ತು ಯಾರ ಪಕ್ಕ ಕೂತಿದ್ದೆ, ಸ್ಕೂಲಿನಲ್ಲಿ ಯಾರ ಜೊತೆ ಜಗಳ ಆಯಿತು, ಯಾಕೆ ಮುಖ ಸಪ್ಪಗಿದೆ ಎಂದು ಕೇಳುತ್ತಿದ್ದಿರಿ. ಕಾಲೇಜಿಗೆ ಹೋಗುವ ತನಕವೂ ಕೇಳಿದಿರಿ. ಮನೆಯವರು ಹೀಗೆ ವಿಚಾರಿಸಿಕೊಳ್ಳುವ ಮಕ್ಕಳು ಚಟಕ್ಕೆ ಬೀಳುವುದು ಕಡಿಮೆ ಎಂದು ಎಷ್ಟೋ ಅಧ್ಯಯನಗಳು ಹೇಳಿವೆ. ಓದಿದಾಗಲೆಲ್ಲ ನನಗೆ ಎಣ್ಣೆಯ ವಾಸನೆ ಬರುತ್ತದೆ. ಒಬ್ಬಳ ಕಥೆ ಪುರಾವೆಯಲ್ಲ. ಬೇರೆ ಯಾರಾದರೂ ವರದಿಯಲ್ಲಿ ಹೀಗೆ ಬರೆದರೆ ನಾನೇ ಕೆಂಪು ಗೆರೆ ಎಳೆಯುತ್ತೇನೆ. ಆದರೆ ಇದು ವರದಿಯಲ್ಲ.

ನೀವೆಂದರೆ ನನಗೆ ಬಹಳ ಇಷ್ಟ ಅಪ್ಪಾಜಿ. ಬರೆದೂ ಹೇಳದಿದ್ದರೆ ಇನ್ನು ಯಾವಾಗ ಹೇಳುವುದು?

ನಿಮ್ಮ
ಸೌಮ್ಯ


ಕಲ್ಲುಬಾವಿಪಾಳ್ಯ
೧೫ ಫೆಬ್ರವರಿ ೨೦೨೫

ನನ್ನ ಸೌಮ್ಯಮ್ಮನಿಗೆ,

ನಿನ್ನ ಕಾಗದ ಅಂಗಡಿಯ ವಿಳಾಸಕ್ಕೇ ಬಂತು. ಹಿಂಡಿ ಮೂಟೆಯ ಮೇಲೆ ಕೂತು ಓದಿದೆ. ಎರಡನೇ ಸಲ ಓದುತ್ತಿರುವಾಗ ಬೂಸ ಕೊಳ್ಳಲು ಬಂದ ಸರಸಮ್ಮ ನನ್ನ ಮುಖ ನೋಡಿ ಗಾಬರಿಯಾದಳು.

"ಯಾಕಣ್ಣ, ನೆಂಟರ ಪೈಕಿ ಯಾರಾದ್ರೂ ಹೋಗ್ಬುಟ್ರಾ?"

"ಇಲ್ಲ ಕಣವ್ವ. ನಾನೊಂದು ಮಾತು ಕೇಳ್ಬೇಕು ಅಂತಿದ್ದೆ, ನನ್ ಮಗ್ಳು ಗೊತ್ತಿಲ್ಲ ಅಂತ ಬರ್ದವ್ಳೆ."

"ಅಯ್ಯೋ, ಗೊತ್ತಿಲ್ಲ ಅಂದಿದ್ಕೆಲ್ಲ ಅಳ್ತಾರಾ?"

"ಊರೋರೆಲ್ಲ ನಂಗೆ ಸಮಾಧಾನ ಹೇಳೋರೇ ಸರಸಮ್ಮ. ಇವ್ಳೊಬ್ಳು ನಿಜ ಹೇಳವ್ಳೆ" ಎಂದೆ. ಅವಳಿಗೆ ಏನರ್ಥವಾಯಿತೋ, ಸೆರಗಿನಿಂದ ತನ್ನ ಕಣ್ಣನ್ನೂ ಒಂದು ಸಲ ಒರೆಸಿಕೊಂಡು, ಬೂಸದ ಚೀಲ ಹೊತ್ತುಕೊಂಡು ಹೋದಳು.

ನಿಮ್ಮಪ್ಪ